ಬ್ರನೋದ ರೋಮಾ ಮಕ್ಕಳ ನಾಟಕ ಎಲ್ಲಿಂದ ಶುರುವಾಗಬೇಕು?

ಪತ್ರದ ಸಾರ: ಚೆಕ್ ದೇಶದ ಬ್ರನೋ ನಗರದಲ್ಲಿ ನೌಕರಿಯಲ್ಲಿರುವ ನಮ್ಮ ಓದುಗರೊಬ್ಬರು ಅಲ್ಲಿನ ಯುವಕೇಂದ್ರದಲ್ಲಿ 14ರಿಂದ 18 ವಯಸ್ಸಿನ ಹದಿನಾಲ್ಕು ರೋಮಾ (ಸಾವಿರ ವರ್ಷದ ಹಿಂದೆ ಭಾರತದಿಂದ ಯುರೋಪಿಗೆ ವಲಸೆ ಹೋದ, ಹೊರಗಿನವರು ‘ಜಿಪ್ಸಿ’ ಎಂದು ಕರೆದ ಜನ) ಮಕ್ಕಳಿಗೆ ನಾಟಕ ಕಲಿಸುತ್ತಿದ್ದಾರೆ. ಭಾರತದಿಂದ ಹೊರಟ ಬಂಡಿಗಳಿಂದ ನಾಜಿಗಳ ಹತ್ಯಾ ಶಿಬಿರವಾದ ಆಶ್‌ವಿಟ್ಜ್‌ವರೆಗೆ 40 ನಿಮಿಷದ ಕಥೆ. ಮೊದಲ ದೃಶ್ಯಕ್ಕೆ ಊರಿನಿಂದ ತರಿಸಿದ ಲಂಬಾಣಿ ಉಡುಪು. ಪ್ರಯೋಗ ಏಪ್ರಿಲ್ 8ರಂದು. ‘ಎರಡು ವಾರ ಉತ್ಸಾಹದಿಂದ ಬಂದವರಲ್ಲಿ ಈಗ ಅರ್ಧ ಜನ ಇಲ್ಲ. ಏನು ಮಾಡಲಿ?’ ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ,

ಕಥೆ ಶುರುವಾದ ಜಾಗದಲ್ಲೇ ಎಡವಟ್ಟಾಗಿದೆ ಎಂದು ನಮಗನ್ನಿಸುತ್ತದೆ. ಚೆಕ್ ನೆಲದಲ್ಲಿ ಯುದ್ಧಕ್ಕೆ ಮೊದಲಿದ್ದ ರೋಮಾ ಜನರಲ್ಲಿ ಬಹುಪಾಲು ನಾಜಿಗಳ ಕೈಯಲ್ಲಿ ಸತ್ತರು. ಇಂದು ಬ್ರನೋದಲ್ಲಿರುವ ಹೆಚ್ಚಿನ ಕುಟುಂಬಗಳು 1945ರ ನಂತರ ಸ್ಲೊವಾಕಿಯಾದ ಹಳ್ಳಿಗಳಿಂದ ಕೂಲಿ, ಕಾರ್ಖಾನೆ ಕೆಲಸಕ್ಕೆಂದು ಬಂದವು. ಅಲ್ಲಿ ಅವರು ತಲೆಮಾರುಗಳಿಂದ ನೆಲೆ ನಿಂತ ಕಮ್ಮಾರರು, ವಾದ್ಯಗಾರರು, ಹಸಿ ಇಟ್ಟಿಗೆ ಕೊಯ್ಯುವವರು. ಅಂಥ ಮನೆಯ ಹುಡುಗನ ಕೈಗೆ ಬಂಡಿಯ ಲಗಾಮು ಕೊಟ್ಟರೆ ಅವನು ಬೇರೆಯವರ ಸಿನಿಮಾದ ಜಿಪ್ಸಿಯಾಗುತ್ತಾನೆ. ಮನೆಯಲ್ಲಿ ಕೇಳದ ಕಥೆಯನ್ನು ಅವನು ಎಷ್ಟು ದಿನ ಬಾಯಿಪಾಠ ಮಾಡಿಯಾನು?

ಹಾಗಾಗಿ ಹಿಂದುಮುಂದಾಗಿ ಹೋಗಿ: ಮೊದಲು ಈ ಬೀದಿ, ಆಮೇಲೆ ಅಜ್ಜಿ ರೈಲಿಳಿದ ದಿನ, ಆಮೇಲೆ ಅವಳು ಬಿಟ್ಟುಬಂದ ಹಳ್ಳಿ. ಪ್ರತಿ ಮಗುವೂ ಮನೆಯ ಹಿರಿಯರೊಬ್ಬರಿಗೆ ಮೂರೇ ಪ್ರಶ್ನೆ ಕೇಳಲಿ. ಇಲ್ಲಿಗೆ ಬಂದ ದಿನ ಮೊದಲು ಮಲಗಿದ್ದೆಲ್ಲಿ? ಬರುವಾಗ ಏನು ಬಿಟ್ಟುಬಂದಿರಿ? ಕೆಲಸ ಕೊಟ್ಟವರು ನಿಮ್ಮನ್ನು ಏನೆಂದು ಕರೆಯುತ್ತಿದ್ದರು? ಫೋನಿನಲ್ಲಿ ಹತ್ತು ನಿಮಿಷದ ಧ್ವನಿಮುದ್ರಣ ಸಾಕು. ಒಪ್ಪಿಗೆಯನ್ನು ಎರಡು ಸಲ ಕೇಳಬೇಕು: ಮುದ್ರಿಸುವ ಮೊದಲು, ಮತ್ತೆ ದೃಶ್ಯ ಕಟ್ಟಿ ತೋರಿಸಿದ ಮೇಲೆ. ಇಲ್ಲಿ ಜಾರಿದವರೇ ಹೆಚ್ಚು. ಒಪ್ಪಿಗೆಯಿಲ್ಲದೆ, ಮಕ್ಕಳಾಗದಂತೆ ಗರ್ಭಕೋಶದ ನಾಳ ಕತ್ತರಿಸಿದ ಸಂಗತಿ ಅಲ್ಲಿನ ಎಷ್ಟೋ ಹೆಂಗಸರ ಬದುಕಿನದು. ಪರಿಹಾರದ ಕಾನೂನು ಬಂದದ್ದೇ 2021ರಲ್ಲಿ. ಮೊಮ್ಮಗಳ ಮುಂದೆ ಹೇಳಿಕೊಂಡದ್ದು ಇಡೀ ಬೀದಿಯ ಮುಂದೆ ಆಡಿದರೆ ಮರುದಿನ ಆ ಹುಡುಗಿ ತಾಲೀಮಿಗೆ ಬರುವುದಿಲ್ಲ. ಕಥೆಗಳನ್ನು ಅದಲುಬದಲು ಮಾಡಿ, ಹೆಸರು ಊರು ಬದಲಿಸಿ. ತನ್ನ ಮನೆಯ ಕಥೆಯಲ್ಲಿ ಯಾರೂ ಪಾತ್ರ ಮಾಡಬಾರದು.

ಇನ್ನು ಗೈರುಹಾಜರಿ. ತಮ್ಮ-ತಂಗಿಯರನ್ನು ನೋಡಿಕೊಳ್ಳುವುದು, ಬಿಡಿ ಕೆಲಸ, ಮನೆ ಬದಲಿಸುವುದು, ಕಾರಣ ಸಾವಿರ. ಹದಿನಾಲ್ಕು ಹೆಸರಿದ್ದರೆ ದಿನಕ್ಕೆ ಎಂಟು ಜನ ಎಂದುಕೊಂಡೇ ನಾಟಕ ಕಟ್ಟಿ. ಒಂದೇ ಉದ್ದ ಕಥೆಯ ಬದಲು ಐದಾರು ನಿಮಿಷದ ಆರು ಬಿಡಿ ದೃಶ್ಯಗಳಿರಲಿ. ಒಂದೊಂದಕ್ಕೂ ನಾಲ್ಕೇ ಪಾತ್ರ. ಪ್ರತಿ ಪಾತ್ರವನ್ನೂ ಇಬ್ಬರು ಕಲಿತಿರಲಿ. ಶಾಲು ಹೊದ್ದವಳು ಅಜ್ಜಿ, ಟೊಪ್ಪಿ ಹಾಕಿದವನು ಮೇಸ್ತ್ರಿ, ಒಳಗಿರುವವರು ಯಾರಾದರೂ ಸರಿ. ವಾರಕ್ಕೆರಡು ಸಲ, ತೊಂಬತ್ತು ನಿಮಿಷ. ತಮ್ಮ-ತಂಗಿಯರೂ ಒಳಗೆ ಬರಲಿ, ತಾಳ ಹಾಕಲು ಹೇಗೂ ಜನ ಬೇಕು.

ಭಾರತವನ್ನು ಪೂರ್ತಿ ಬಿಡಬೇಕಿಲ್ಲ. ವೃತ್ತದಲ್ಲಿ ನಿಲ್ಲಿಸಿ ಅವರ ಭಾಷೆಯಾದ ರೋಮಾನಿಯಲ್ಲಿ ಎಣಿಸಿಸಿ: ಯೇಖ್, ದುಯ್, ತ್ರಿನ್, ಷ್ಟಾರ್, ಪಾಂಜ್, ಷೋವ್, ಎಫ್ತಾ, ಓಖ್ತೋ, ಎನ್ಯಾ, ದೇಷ್. ಒಂದೊಂದು ಅಂಕಿಗೆ ಒಂದು ಹೆಜ್ಜೆ. ಏಳು, ಎಂಟು, ಒಂಬತ್ತಕ್ಕೆ ಎಲ್ಲರೂ ಹಿಂದಿರುಗಿ ನೆಲ ಗುದ್ದಲಿ. ಆ ಮೂರು ಗ್ರೀಕ್ ಪದಗಳು, ಪೂರ್ವಜರು ಗ್ರೀಕ್ ಮಾತಾಡುತ್ತಿದ್ದ ಬೈಜಾಂಟಿಯಂ ಸಾಮ್ರಾಜ್ಯದ ಸೀಮೆಯಲ್ಲಿ ಬಹುಕಾಲ ನಿಂತದ್ದರ ಗುರುತು. ಉಳಿದ ಏಳು ನಮ್ಮ ಕಡೆಯಿಂದ ಹೋದವು. ಸಾವಿರ ವರ್ಷದ ವಲಸೆ ಮೂರು ನಿಮಿಷದಲ್ಲಿ ಕಾಲಿಗೆ ತಿಳಿಯುತ್ತದೆ. ಭಾಷೆ ಬಾರದ ಮಕ್ಕಳು ನಾಚುತ್ತಾರೆ. ಬಲ್ಲವರೇ ಕಲಿಸಲಿ, ನೀವು ಬಾಯಿ ಹಾಕಬೇಡಿ.

ಲಂಬಾಣಿ ಉಡುಪು ಮಾತ್ರ ಬೇಡ. ಇಬ್ಬರ ಭಾಷೆಯೂ ಇಂಡೋ-ಆರ್ಯನ್ ಎನ್ನುವುದು ನಿಜ. ಆದರೆ ಅವು ಬೇರೆ ಬೇರೆ ಭಾಷೆಗಳು, ಚರಿತ್ರೆಯೂ ಬೇರೆ. ‘ರೋಮ್’ ಎಂಬ ಹೆಸರು ಸಂಸ್ಕೃತದ ‘ಡೋಂಬ’ದಿಂದ ಬಂತೆಂದು ಭಾಷಾತಜ್ಞರು ಹೇಳುತ್ತಾರೆ. ಆ ಪದವನ್ನು ನಾವು ‘ಡೊಂಬರಾಟ’ ಎಂದು ಹಳಿಯಲು ಬಳಸುತ್ತೇವೆ, ಅಲ್ಲಿ ಬೈಗುಳ ‘ತ್ಸಿಕಾನ್’. ನಾಟಕದಲ್ಲಿ ಈ ಮಾತು ಬಂದೇ ಬರುತ್ತದೆ. ಯಾವ ಪಾತ್ರದ ಬಾಯಲ್ಲಿ, ಎಷ್ಟು ಸಲ ಎಂದು ಮಕ್ಕಳೇ ತೀರ್ಮಾನಿಸಲಿ.

ಆಶ್‌ವಿಟ್ಜ್ ದೃಶ್ಯದಲ್ಲಿ ಪಟ್ಟೆ ಅಂಗಿ, ಬೂಟಿನ ಸದ್ದು ಯಾವುದೂ ಬೇಡ. ಹದಿನೈದರ ಹುಡುಗ ಕಾವಲುಗಾರನ ಪಾತ್ರ ಮಾಡಿದರೆ ಸಭೆಯಲ್ಲಿರುವ ಗೆಳೆಯರು ನಗುತ್ತಾರೆ. 1943ರ ಮಾರ್ಚ್‌ನಲ್ಲಿ ಬ್ರನೋದಿಂದಲೇ ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ಸಾಗಿಸಿದರು. ಖಾಲಿ ಕುರ್ಚಿಗಳು, ಓದುವ ಒಂದು ದನಿ, ಎರಡು ನಿಮಿಷ ಸಾಕು. ದಾಖಲೆಗೆ ನಿಮ್ಮ ಊರಲ್ಲೇ ರೋಮಾನಿ ಸಂಸ್ಕೃತಿಯ ಮ್ಯೂಸಿಯಂ ಇದೆ, 1991ರಿಂದ.

ಕೊನೆಯ ದೃಶ್ಯವನ್ನು ಫೋರಂ ಥಿಯೇಟರ್ (ಪ್ರೇಕ್ಷಕರೇ ಪಾತ್ರವಾಗಿ ಕಥೆ ಬದಲಿಸಲು ನೋಡುವ ನಾಟಕ) ಮಾಡಬಹುದು: ಮಗುವನ್ನು ಶಾಲೆಗೆ ಸೇರಿಸಲು ಹೋದ ತಾಯಿಗೆ ಶಿಕ್ಷಕಿ ‘ವಿಶೇಷ ಶಾಲೆ ಒಳ್ಳೆಯದು’ ಎನ್ನುತ್ತಾಳೆ, ಅಂದರೆ ಬುದ್ಧಿಮಾಂದ್ಯರೆಂದು ಗುರುತಿಸಿದ ಮಕ್ಕಳ ಶಾಲೆ. ಚೆಕ್ ದೇಶದ ಓಸ್ಟ್ರಾವಾ ನಗರದ 18 ರೋಮಾ ಮಕ್ಕಳ ಇಂಥದೇ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2007ರಲ್ಲಿ ತಾರತಮ್ಯವೆಂದು ತೀರ್ಪಿತ್ತಿತು. ಸೋಲಿನಲ್ಲೇ ನಿಲ್ಲಿಸಿ, ಮತ್ತೆ ಆಡಿ. ಪ್ರೇಕ್ಷಕರು ‘ನಿಲ್ಲಿ’ ಎಂದು ತಾಯಿಯ ಜಾಗಕ್ಕೆ ಬರಲಿ. ಶಿಕ್ಷಕಿಯ ಜಾಗಕ್ಕೆ ಬಿಡಬೇಡಿ. ಯಾರೋ ಅವಳನ್ನು ಕರುಣಾಮಯಿ ಮಾಡಿದರೆ ಸಮಸ್ಯೆಯೇ ಮಾಯವಾಗುತ್ತದೆ. ಮೊದಲ ಮೂರು ಅವಕಾಶ ರೋಮಾ ಪ್ರೇಕ್ಷಕರಿಗೆ ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಬಿಳಿಯ ಹಿತೈಷಿಗಳೇ ಎದ್ದು ಬರುತ್ತಾರೆ.

ಏಪ್ರಿಲ್ 8 ಒಳ್ಳೆಯ ದಿನ. 1971ರಲ್ಲಿ ಲಂಡನ್ ಬಳಿ ಮೊದಲ ವಿಶ್ವ ರೋಮಾನಿ ಸಮಾವೇಶ ಸೇರಿದ್ದು ಅಂದೇ. ಆದರೆ ಅದಕ್ಕೆ ಒಂದು ವಾರ ಮೊದಲು ಯುವಕೇಂದ್ರದಲ್ಲೇ ಮನೆಯವರಿಗಷ್ಟೇ ಒಂದು ಪ್ರಯೋಗ ಮಾಡಿ. ಅಜ್ಜಿಯರು ಬೇಡವೆಂದ ದೃಶ್ಯವನ್ನು ತೆಗೆದುಹಾಕಿ, ಉಳಿದ ಐದನ್ನು ಆಡಿ.

– ಸಂ.