ನೆರವಿನ ಮೂಟೆಯ ಕಳ್ಳದಾರಿ

ಪ್ರಶ್ನೆ: ಯುದ್ಧಪೀಡಿತ ದೇಶಗಳಿಗೆ ಕಳುಹಿಸಿದ ಆಹಾರ ಕಳುವಾದಾಗ ಅದನ್ನು ಪತ್ತೆ ಹಚ್ಚಲು ವೇಷ ಮರೆಸಿಕೊಂಡ ಗೂಢಚಾರರು ನಿಜವಾಗಿಯೂ ಹೋಗುತ್ತಾರೆಯೇ?

ಉತ್ತರ: ವೇಷಕ್ಕಿಂತ ಲೆಕ್ಕಪುಸ್ತಕ ಓದುವ ತಾಳ್ಮೆಯೇ ಈ ಕೆಲಸಕ್ಕೆ ಹೆಚ್ಚು ಬೇಕು. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ ತನ್ನದೇ ತನಿಖಾ ವಿಭಾಗವಿದೆ. ಆದರೆ ಅದರ ತನಿಖಾಧಿಕಾರಿಗಳು ಪೊಲೀಸರಲ್ಲ, ಯಾರನ್ನೂ ಬಂಧಿಸಲಾರರು. ಹೊರದೇಶದವರು ಸಂತೆಗೆ ಕಾಲಿಟ್ಟೊಡನೆ ಎಲ್ಲರ ಕಣ್ಣಿಗೆ ಬೀಳುವುದರಿಂದ, ಮೂಟೆಯ ಮೇಲಿನ ಮುದ್ರೆಯನ್ನು ಗಮನಿಸಿ ಸದ್ದಿಲ್ಲದೆ ಬೆಲೆ ವಿಚಾರಿಸಿ ಬರುವ ಕೆಲಸ ಸ್ಥಳೀಯರಿಗೇ ಒಪ್ಪುವಂಥದ್ದು. ಸಿಕ್ಕಿಬಿದ್ದರೆ ಅಪಾಯವೂ ಅವರಿಗೇ.

ಯೆಮನ್‌ನ ಪ್ರಕರಣವನ್ನೇ ನೋಡಿ. ರಾಜಧಾನಿ ಸನಾದ ಪೇಟೆಯಲ್ಲಿ ನೆರವಿನ ಆಹಾರ ಮಾರಾಟವಾಗುತ್ತಿದೆಯೆಂಬ ದೂರುಗಳ ಬೆನ್ನು ಹತ್ತಿದ ವಿಶ್ವ ಆಹಾರ ಕಾರ್ಯಕ್ರಮವು, ವಿತರಣಾ ಕೇಂದ್ರಗಳಿಂದ ಲಾರಿಗಳು ಅಕ್ರಮವಾಗಿ ಆಹಾರ ಸಾಗಿಸುತ್ತಿದ್ದುದಕ್ಕೆ ಛಾಯಾಚಿತ್ರಗಳ ಸಾಕ್ಷ್ಯ ಸಿಕ್ಕಿದೆಯೆಂದೂ, ಫಲಾನುಭವಿಗಳ ಆಯ್ಕೆಯಲ್ಲಿ ಮೋಸ ನಡೆದು ದಾಖಲೆಗಳನ್ನು ತಿದ್ದಲಾಗಿದೆಯೆಂದೂ 2018ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿಯೇ ಹೇಳಿತು. ನಗರವನ್ನು ಆಳುತ್ತಿದ್ದ ಹೂಥಿ ಬಂಡುಕೋರರು ಫಲಾನುಭವಿಗಳ ಬೆರಳ ಗುರುತಿನ ನೋಂದಣಿಗೆ ಒಪ್ಪದಿದ್ದಾಗ 2019ರ ಜೂನ್‌ನಲ್ಲಿ ಅಲ್ಲಿನ ವಿತರಣೆಯನ್ನು ಭಾಗಶಃ ನಿಲ್ಲಿಸಲಾಯಿತು; ಇದರ ಪೆಟ್ಟು ಬಿದ್ದದ್ದು ಸುಮಾರು 8.5 ಲಕ್ಷ ಜನರಿಗೆ. ಆಗಸ್ಟ್‌ನಲ್ಲಿ ಒಪ್ಪಂದವಾಗಿ ವಿತರಣೆ ಮತ್ತೆ ಆರಂಭವಾಯಿತು.

ಕಳ್ಳನನ್ನು ಹಿಡಿಯಲು ಹೋಗಿ ಹಸಿದವನ ತಟ್ಟೆಯನ್ನೇ ಎಳೆದುಕೊಳ್ಳುವ ಈ ಕ್ರಮ ನನಗೆ ಸರಿಯೆನಿಸುವುದಿಲ್ಲ. 2023ರಲ್ಲಿ ಇಥಿಯೋಪಿಯಾದಲ್ಲಿಯೂ ಇದೇ ಆಯಿತು: ನೆರವಿನ ಆಹಾರ ಕಳುವಾಗುತ್ತಿದೆಯೆಂದು ಮೊದಲು ಟಿಗ್ರೇ ಪ್ರಾಂತ್ಯದಲ್ಲಿ, ಜೂನ್ ಹೊತ್ತಿಗೆ ಇಡೀ ದೇಶದಲ್ಲಿ ಆಹಾರ ನೆರವು ತಿಂಗಳುಗಟ್ಟಲೆ ನಿಂತುಹೋಯಿತು.