ಭಿನ್ನರಾಶಿ ಇರುವ ಸಮೀಕರಣದಲ್ಲಿ ಉತ್ತರ ತಪ್ಪುವುದು ಎಲ್ಲಿ?

ನಿಮ್ಮ ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ, (2ಕ್ಷ + 3)/3 − (ಕ್ಷ − 2)/4 = 4 ಎಂಬ ಸಮೀಕರಣಕ್ಕೆ ಪುಸ್ತಕದಲ್ಲಿ 6 ಎಂಬ ಉತ್ತರವಿದ್ದರೂ ಅವಳಿಗೆ ಪ್ರತಿಸಲವೂ 42/5 ಬರುತ್ತಿದೆ, ತಪ್ಪು ಎಲ್ಲಾಗಿದೆ ಎಂದು ಕೇಳಿದ್ದೀರಿ. (ಪುಸ್ತಕದಲ್ಲಿ ಎಕ್ಸ್ ಇರುವ ಕಡೆ ನಾನು ಕ್ಷ ಎಂದು ಬರೆದಿದ್ದೇನೆ.) ವಿರಾಜಪೇಟೆಯ ಸಮೀಪ ಅನೇಕ ವರ್ಷ ಗಣಿತ ಕಲಿಸಿದವನಾದ್ದರಿಂದ, ಆ 42/5 ಅನ್ನು ನೋಡಿದ ಕೂಡಲೇ ಅವಳ ನೋಟುಪುಸ್ತಕದ ಸಾಲು ನನ್ನ ಕಣ್ಣಿಗೆ ಕಟ್ಟಿತು. ಅವಳಿಗೆ ವಿಧಾನ ಚೆನ್ನಾಗಿಯೇ ಗೊತ್ತಿದೆ. ತಪ್ಪಿರುವುದು ಒಂದೇ ಒಂದು ಚಿಹ್ನೆ.

ಛೇದಗಳು, ಅಂದರೆ ಗೆರೆಯ ಕೆಳಗಿನ ಸಂಖ್ಯೆಗಳು, 3 ಮತ್ತು 4; ಅವುಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 12. ಎಲ್ಲ ಪದಗಳನ್ನೂ 12ರಿಂದ ಗುಣಿಸಿದರೆ 4(2ಕ್ಷ + 3) − 3(ಕ್ಷ − 2) = 48 ಎಂದಾಗುತ್ತದೆ. ಇಲ್ಲಿಯವರೆಗೆ ಅವಳು ಸರಿಯಾಗಿಯೇ ಬಂದಿದ್ದಾಳೆ. ಮುಂದಿನ ಸಾಲಿನಲ್ಲಿ 8ಕ್ಷ + 12 − 3ಕ್ಷ − 6 = 48 ಎಂದು ಅವಳು ಬರೆದಿದ್ದಾಳೆ ಎಂದು ನನ್ನ ಊಹೆ; ಹಾಗೆ ಬರೆದರೆ 5ಕ್ಷ = 42 ಆಗಿ 42/5 ಬರುತ್ತದೆ. ಆದರೆ ಆವರಣದ ಹಿಂದಿರುವುದು ಬರಿಯ 3 ಅಲ್ಲ, −3. ಅದು ಒಳಗಿನ −2ನ್ನು ಗುಣಿಸಿದಾಗ +6 ಆಗಬೇಕು. ಆಗ 8ಕ್ಷ + 12 − 3ಕ್ಷ + 6 = 48, ಅಂದರೆ 5ಕ್ಷ + 18 = 48, 5ಕ್ಷ = 30, ಕ್ಷ = 6.

ಈ ತಪ್ಪಿಗೆ ಕಾರಣ ಮಕ್ಕಳ ಅಜಾಗರೂಕತೆ ಎಂದು ನಾನು ಒಪ್ಪುವುದಿಲ್ಲ. ಭಿನ್ನರಾಶಿಯ ನಡುವಿನ ಅಡ್ಡಗೆರೆ ಭಾಗಾಕಾರವನ್ನು ಸೂಚಿಸುವುದರ ಜೊತೆಗೆ ಆವರಣದ ಕೆಲಸವನ್ನೂ ಮಾಡುತ್ತದೆ, ಅಂಶದಲ್ಲಿರುವ, ಅಂದರೆ ಗೆರೆಯ ಮೇಲಿರುವ, ಎರಡು ಪದಗಳನ್ನು ಒಂದೇ ಗಂಟಾಗಿ ಹಿಡಿದಿರುತ್ತದೆ. ಇದನ್ನು ನಾವು ಶಿಕ್ಷಕರು ಬಾಯಿಬಿಟ್ಟು ಹೇಳುವುದು ಕಡಿಮೆ. ಛೇದ ಹೋದ ಕ್ಷಣವೇ ಆ ಗೆರೆಯೂ ಹೋಗುತ್ತದೆ, ಗಂಟು ಬಿಚ್ಚಿಹೋಗುತ್ತದೆ, ಹಿಂದಿದ್ದ ಋಣಚಿಹ್ನೆ ಮೊದಲ ಪದಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ಆದ್ದರಿಂದ ಗುಣಿಸುವ ಮೊದಲೇ, ಮೂಲ ಸಮೀಕರಣದಲ್ಲಿಯೇ, ಪ್ರತಿಯೊಂದು ಅಂಶಕ್ಕೂ ಪೆನ್ಸಿಲಿನಲ್ಲಿ ಆವರಣ ಹಾಕಲು ಅವಳಿಗೆ ಹೇಳಿ. ನನ್ನ ವಿದ್ಯಾರ್ಥಿಗಳಲ್ಲಿ ಈ ಅಭ್ಯಾಸ ಕೂಡಿಬಂದವರು ಮತ್ತೆ ಈ ತಪ್ಪು ಮಾಡಿದ್ದನ್ನು ನಾನು ಕಂಡದ್ದು ಅಪರೂಪ.

ಇನ್ನೊಂದು ತಪ್ಪನ್ನೂ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಅದು ಇದರ ಹಿಂದೆಯೇ ಬರುತ್ತದೆ. ಒಂದು ವರ್ಷ ಕಾಫಿ ಕೊಯ್ಲಿನ ಸಮಯದಲ್ಲಿ ಒಬ್ಬ ಹುಡುಗನಿಗೆ ಅವನ ಮನೆಯ ಕಣದ ಲೆಕ್ಕವನ್ನೇ ಕೊಟ್ಟಿದ್ದೆ: ಒಣಗಿಸಿದ ಕಾಫಿಯಲ್ಲಿ ಮೂರನೆಯ ಒಂದು ಭಾಗ ಮೊದಲು ಮಾರಾಟವಾಯಿತು, ಒಟ್ಟಿನ ನಾಲ್ಕನೆಯ ಒಂದು ಭಾಗ ಆಮೇಲೆ ಹೋಯಿತು, 25 ಚೀಲ ಉಳಿಯಿತು, ಒಟ್ಟು ಎಷ್ಟು ಚೀಲವಿತ್ತು? ಅವನು ಕ್ಷ/3 + ಕ್ಷ/4 + 25 = ಕ್ಷ ಎಂದು ಸರಿಯಾಗಿ ಬರೆದು, ಮುಂದಿನ ಸಾಲಿನಲ್ಲಿ 4ಕ್ಷ + 3ಕ್ಷ + 25 = 12ಕ್ಷ ಎಂದು ಮಾಡಿ, 5 ಚೀಲ ಎಂದು ಉತ್ತರಿಸಿದ. ಒಂದು ನಿಮಿಷ ಸುಮ್ಮನಿದ್ದು, “ಸಾರ್, ಐದೇ ಚೀಲ ಇದ್ದರೆ ಇಪ್ಪತ್ತೈದು ಉಳಿಯುವುದು ಹೇಗೆ?” ಎಂದು ಅವನೇ ಕೇಳಿದ. 25ಕ್ಕೆ ಛೇದವಿಲ್ಲದ ಕಾರಣ ಅದನ್ನು ಹಾಗೆಯೇ ಬಿಟ್ಟಿದ್ದ. ಸಮೀಕರಣ ತಕ್ಕಡಿಯಿದ್ದಂತೆ, ತಟ್ಟೆಯಲ್ಲಿರುವ ಕೆಲವನ್ನು ಹನ್ನೆರಡು ಪಟ್ಟು ಮಾಡಿ ಉಳಿದದ್ದನ್ನು ಇದ್ದಷ್ಟೇ ಬಿಟ್ಟರೆ ಅದು ಸಮವಾಗಿ ನಿಲ್ಲುವುದಿಲ್ಲ. 25 ಕೂಡ 300 ಆಗಬೇಕಿತ್ತು; ಆಗ 7ಕ್ಷ + 300 = 12ಕ್ಷ, ಕ್ಷ = 60. ಇಪ್ಪತ್ತು, ಹದಿನೈದು, ಇಪ್ಪತ್ತೈದು ಕೂಡಿಸಿದರೆ ಅರವತ್ತು ಎಂದು ಅವನು ತಾನೇ ತಾಳೆ ನೋಡಿದ.

ಲ.ಸಾ.ಅ.ದಿಂದಲೇ ಏಕೆ ಗುಣಿಸಬೇಕು, ಛೇದಗಳ ಗುಣಲಬ್ಧ ಸಾಲದೇ ಎಂದು ಅವಳು ಕೇಳಬಹುದು. ಸಾಕು, ಉತ್ತರ ಬದಲಾಗುವುದಿಲ್ಲ. ಆದರೆ ಛೇದಗಳು 6 ಮತ್ತು 8 ಆಗಿದ್ದಾಗ 24ರಲ್ಲಿ ಮುಗಿಯುವ ಕೆಲಸಕ್ಕೆ 48 ಏಕೆ? ನಮ್ಮ ನಾಡಿನವರೇ ಆದ ಮಹಾವೀರಾಚಾರ್ಯರು 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಭಿನ್ನರಾಶಿಗಳಿಗೆ ಸಮಾನ ಛೇದ ತರಲು ಈ ಲ.ಸಾ.ಅ.ವನ್ನೇ ಬಳಸಿ ಅದನ್ನು ‘ನಿರುದ್ಧ’ ಎಂದು ಕರೆದರು. ಈ ಮಾತನ್ನು ತರಗತಿಯಲ್ಲಿ ಹೇಳುವಾಗ ನನಗೆ ಪ್ರತಿಸಲವೂ ಸಂತೋಷವಾಗುತ್ತಿತ್ತು.

ಓರೆ ಗುಣಾಕಾರವನ್ನು (ಒಂದು ಕಡೆಯ ಅಂಶವನ್ನು ಇನ್ನೊಂದು ಕಡೆಯ ಛೇದದಿಂದ ಗುಣಿಸುವುದನ್ನು) ಎರಡೂ ಕಡೆ ಒಂದೊಂದೇ ಭಿನ್ನರಾಶಿ ಇದ್ದಾಗ ಮಾತ್ರ ಬಳಸಲಿ. 3/(ಕ್ಷ − 2) = 5/ಕ್ಷ ಎಂಬಲ್ಲಿ ಅದು ಸಲ್ಲುತ್ತದೆ: 3ಕ್ಷ = 5ಕ್ಷ − 10, ಕ್ಷ = 5. ನೀವು ಕೊಟ್ಟ ಸಮೀಕರಣದಲ್ಲಿ ಎಡಗಡೆ ಎರಡು ಭಿನ್ನರಾಶಿಗಳಿರುವುದರಿಂದ ಅದನ್ನು ನೇರವಾಗಿ ಪ್ರಯೋಗಿಸುವಂತಿಲ್ಲ. ಛೇದದಲ್ಲಿಯೇ ಕ್ಷ ಇದ್ದಾಗ, ಬಂದ ಉತ್ತರದಿಂದ ಛೇದ ಸೊನ್ನೆಯಾಗುವುದಿಲ್ಲವೇ ಎಂಬುದನ್ನೂ ನೋಡಿಕೊಳ್ಳಬೇಕು.

ಅವಳು ಪುಸ್ತಕದ ಉತ್ತರವನ್ನು ನಂಬಿ ಕೂರುವುದು ಬೇಡ. 42/5 ಅನ್ನು ಮೂಲ ಸಮೀಕರಣದಲ್ಲಿ ಹಾಕಿ ನೋಡಲಿ: ಮೊದಲ ಭಿನ್ನರಾಶಿ 33/5, ಎರಡನೆಯದು 8/5, ವ್ಯತ್ಯಾಸ 25/5, ಅಂದರೆ 5. ಬೇಕಾಗಿದ್ದುದು 4. 6 ಹಾಕಿದರೆ 5 − 1, ಸರಿಯಾಗಿ 4.

ಅನಂತರ ಇದೊಂದನ್ನು ನಿಮ್ಮ ಸಹಾಯವಿಲ್ಲದೆ ಬಿಡಿಸಲಿ: (ಕ್ಷ + 5)/2 − (ಕ್ಷ − 1)/6 = 5. ಅವಳಿಗೆ 7 ಬಂದರೆ ಸರಿ. 8 ಬಂದರೆ ಮತ್ತೆ ಅದೇ ಚಿಹ್ನೆ ತಪ್ಪಿದೆ ಎಂದು ತಿಳಿಯಿರಿ. −11/2 ಬಂದರೆ ಬಲಭಾಗದ 5ನ್ನು 6ರಿಂದ ಗುಣಿಸಲು ಮರೆತಿದ್ದಾಳೆ.