ಕ್ಯೂಆರ್ ಕೋಡ್ ‘ಅಸಲಿ’ ಎಂದರೆ ಸಾಕೇ?

ಹೊಸ ಸರಬರಾಜುದಾರರಿಂದ ಬಂದ ಪೆಟ್ಟಿಗೆಗಳ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ‘ಅಸಲಿ’ ಎಂದು ತೋರಿಸಿದರೆ ನಂಬಬಹುದೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ನಂಬಲಾಗದು. ಒಂದು ಅಸಲಿ ಪೆಟ್ಟಿಗೆಯ ಕೋಡನ್ನೇ ಸಾವಿರ ನಕಲಿ ಪೆಟ್ಟಿಗೆಗಳ ಮೇಲೆ ಮುದ್ರಿಸುವುದು ಕಷ್ಟವಲ್ಲ. ಆ ಕೋಡ್ ನಕಲಿಗಾರರೇ ಕಟ್ಟಿದ ಜಾಲತಾಣವನ್ನು ತೆರೆಯುವಂತಿದ್ದರಂತೂ ಅಲ್ಲಿ ಕಾಣುವ ಹಸಿರು ಗುರುತಿಗೆ ಯಾವ ಬೆಲೆಯೂ ಇಲ್ಲ.

ಆದ್ದರಿಂದ ತಯಾರಕರ ಅಧಿಕೃತ ತಾಣವನ್ನು ನೀವೇ ತೆರೆದು, ಪ್ರತಿ ಪೆಟ್ಟಿಗೆಯ ಕ್ರಮಸಂಖ್ಯೆಯನ್ನು ನಮೂದಿಸಿ, ಅದು ಈ ಹಿಂದೆ ಬೇರೆಡೆ ಪರಿಶೀಲನೆಗೆ ಒಳಗಾಗಿದೆಯೇ ಎಂದು ನೋಡಿ. ಐರೋಪ್ಯ ಒಕ್ಕೂಟದ ಹೆಚ್ಚಿನ ದೇಶಗಳಲ್ಲಿ 2019ರ ಫೆಬ್ರುವರಿ 9ರಿಂದ, ವೈದ್ಯರ ಚೀಟಿಯಿದ್ದರೆ ಮಾತ್ರ ಮಾರುವ ಬಹುತೇಕ ಔಷಧಿಗಳಿಗೆ ಇದೇ ತತ್ತ್ವ ಜಾರಿಯಲ್ಲಿದೆ: ಪ್ರತಿ ಪೊಟ್ಟಣಕ್ಕೂ ಪ್ರತ್ಯೇಕ ಸಂಖ್ಯೆಯಿದ್ದು, ರೋಗಿಗೆ ಕೊಡುವಾಗ ಅದನ್ನು ದಾಖಲೆಯಲ್ಲಿ ನಿಷ್ಕ್ರಿಯಗೊಳಿಸುವುದರಿಂದ, ಅದೇ ಸಂಖ್ಯೆ ಮತ್ತೆ ಬಂದರೆ ವ್ಯವಸ್ಥೆ ಎಚ್ಚರಿಸುತ್ತದೆ.

ಹೊಲೊಗ್ರಾಮ್ ಒಂದನ್ನೇ ನಂಬಬೇಡಿ. ನೋಡಲು ಹಾಗೆಯೇ ಹೊಳೆಯುವ ಚೀಟಿಯನ್ನು ಅಂಟಿಸುವುದು ಸುಲಭ. ಸಂಖ್ಯೆ ಸರಿಯಿದ್ದರೂ ಒಳಗಿನ ವಸ್ತು ಬದಲಾಗಿರಬಹುದಾದ ಕಾರಣ, ಸೀಲ್ ಒಡೆದಿಲ್ಲವೇ, ಪೆಟ್ಟಿಗೆಯ ಬ್ಯಾಚ್ ಸಂಖ್ಯೆ ಒಳಗಿನ ವಸ್ತುವಿನೊಂದಿಗೂ ಬಿಲ್ಲಿನೊಂದಿಗೂ ತಾಳೆಯಾಗುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ಅನುಮಾನ ಉಳಿದರೆ ಸರಕನ್ನು ಮಾರದೆ ಬೇರೆಯಾಗಿಟ್ಟು, ಒಂದು ಮಾದರಿಯನ್ನು ನೇರವಾಗಿ ತಯಾರಕರಿಗೆ ಕಳುಹಿಸಿ.